ಮುನೀರಾಳ ಸರ್ಕ್ಯೂಟ್

ಬಷೀರ್ ಚಾಚಾರ ರೇಷ್ಮೆ ರೀಲಿಂಗ್ ಯೂನಿಟ್ಟಿನ ಕೊನೆಯ ಎಲೆಕ್ಟ್ರಾನಿಕ್ ಚಿಪ್ಪನ್ನು ಸುಟ್ಟವಳು ನಾನು. ಮುನೀರಾ ಅಲ್ಲ. ಹನ್ನೊಂದು ವರ್ಷ ಎಲ್ಲರೂ ಅವಳೇ ಸುಟ್ಟಳೆಂದು ನಂಬಿದ್ದರು — ಅವಳೂ ನಂಬಿದ್ದಳು. ಹಾಗೆ ನಂಬಿಸಿದವಳು ನಾನು, ಅವಳ ಗೆಳತಿ, ದಿನವೂ ಅವಳ ಡಬ್ಬಿಯಿಂದ ಅರ್ಧ ಊಟ ಹಂಚಿಕೊಳ್ಳುತ್ತಿದ್ದವಳು.

ನನ್ನ ಹೆಸರು ಸವಿತಾ. ಊರು ಸಾತನೂರು. ಮುನೀರಾ ರಾಮನಗರದವಳು, ರೇಷ್ಮೆ ನೂಲು ಬಿಚ್ಚುವವರ ಮನೆಯ ಹುಡುಗಿ. ಡಿಪ್ಲೊಮಾ ಓದುವಾಗ ನಮ್ಮಿಬ್ಬರದು ಒಂದೇ ಬೆಂಚು. ಓದು ಮುಗಿಸಿ ರಾಮನಗರದ ಐಜೂರಿನಲ್ಲಿ ಒಂದು ಮಹಡಿ ಕೋಣೆ ಹಿಡಿದು ರಿಪೇರಿ ಅಂಗಡಿ ತೆರೆದೆವು. ಮಿಕ್ಸಿ, ಸ್ಟೆಬಿಲೈಸರ್, ಯುಪಿಎಸ್ — ಏನು ಬಂದರೂ ಸರಿ. ಬಂದವರು ಬಾಗಿಲಲ್ಲೇ ನಿಂತು ಇಣುಕುತ್ತಿದ್ದರು.

“ಮೆಕ್ಯಾನಿಕ್ಕು ಎಲ್ಲವ್ನೆ?”

ಮುನೀರಾ ಸೋಲ್ಡರಿಂಗ್ ಐರನ್ ಎತ್ತಿ ತೋರಿಸುತ್ತಿದ್ದಳು. “ಇಲ್ಲೇ ಇದಾರೆ. ಇಬ್ರು.”

ಒಂದು ವರ್ಷ ಮುಂಗಾರಿಗೆ ಮುಂಚೆ ಸಿಡಿಲು ಹೊಡೆದು ಅವಳ ಚಿಕ್ಕಪ್ಪ ಬಷೀರ್ ಚಾಚಾರ ಯೂನಿಟ್ಟಿನ ನಾಲ್ಕು ಕಂಟ್ರೋಲ್ ಪೆಟ್ಟಿಗೆಗಳಲ್ಲಿ ಮೂರು ಸತ್ತವು. ರೇಷ್ಮೆಗೂಡು ಬೇಯುವ ನೀರು ಎಷ್ಟು ಕಾಯಬೇಕು, ಎಷ್ಟು ಹೊತ್ತು ಕಾಯಬೇಕು, ಯಾವಾಗ ತಣಿಯಬೇಕು ಎಂಬುದನ್ನೆಲ್ಲ ನೋಡಿಕೊಳ್ಳುತ್ತಿದ್ದುದು ಆ ಪೆಟ್ಟಿಗೆಗಳು. ಗೂಡು ಹದ ತಪ್ಪಿದರೆ ಎಳೆ ತುಂಡಾಗುತ್ತದೆ. ಪೆಟ್ಟಿಗೆ ಮಾಡಿಕೊಟ್ಟಿದ್ದಾತ ಆ ಕೆಲಸವನ್ನೇ ಬಿಟ್ಟು ಎಲ್ಲಿಗೋ ಹೋಗಿದ್ದ. ಚಾಚಾ ಯೂನಿಟ್ ಮುಚ್ಚಿ ಶೆಡ್ಡನ್ನು ಗೋಡೌನಿಗೆ ಕೊಡುವ ಮಾತಾಡತೊಡಗಿದ್ದರು. ಅಲ್ಲಿ ಹದಿನಾಲ್ಕು ಹೆಂಗಸರು ಕೆಲಸಕ್ಕಿದ್ದರು.

ಪೆಟ್ಟಿಗೆ ಬಿಚ್ಚಿದಾಗ ಒಳಗೆ ಸಿಕ್ಕಿದ್ದು ಒಂದು ಮೈಕ್ರೋಕಂಟ್ರೋಲರ್ — ಕಿರುಬೆರಳಿನ ಉಗುರಿನಷ್ಟು ದೊಡ್ಡ, ಎಂಟು ಕಾಲಿನ ಚಿಪ್. ಯಂತ್ರ ಏನು ಮಾಡಬೇಕೆಂಬ ಸೂಚನೆಯೆಲ್ಲ ಅದರೊಳಗೇ ಇರುತ್ತದೆ. ಅದನ್ನು ಓದಿಕೊಂಡು ಹೊಸ ಚಿಪ್ಪಿಗೆ ಬರೆಯುವ ಸಾಧನಕ್ಕೆ ಪ್ರೋಗ್ರಾಮರ್ ಎನ್ನುತ್ತಾರೆ. ಬದುಕಿದ್ದ ನಾಲ್ಕನೆಯ ಚಿಪ್ಪಿನಿಂದ ಓದಿಕೊಂಡರೆ ಉಳಿದ ಮೂರನ್ನೂ ಎಬ್ಬಿಸಬಹುದಿತ್ತು. ನಮ್ಮಲ್ಲಿ ಪ್ರೋಗ್ರಾಮರ್ ಇರಲಿಲ್ಲ.

“ನಾವೇ ಮಾಡೋಣ,” ಎಂದಳು ಮುನೀರಾ.

ಮಾಡಿದೆವು. ಮಾಡಿದ್ದು ಹೆಚ್ಚಾಗಿ ಅವಳೇ. ಹಳೆಯ ಟಿವಿ, ಟೇಪ್ ರೆಕಾರ್ಡರುಗಳಿಂದ ಬಿಡಿಭಾಗ ಕಿತ್ತೆವು. ಸರ್ಕ್ಯೂಟನ್ನು ಅವಳೇ ಕಾಗದದ ಮೇಲೆ ಬರೆದು, ಅಳಿಸಿ, ಮತ್ತೆ ಬರೆದಳು. ಆ ಚಿಪ್ಪಿನೊಡನೆ ಮಾತಾಡಬೇಕಾದರೆ ಅದರ ಒಂದು ಕಾಲಿಗೆ ಹದಿಮೂರು ವೋಲ್ಟ್ ಕೊಡಬೇಕು. ಕಡಿಮೆಯಾದರೆ ಅದು ಬಾಯಿ ಬಿಡುವುದಿಲ್ಲ, ಬಹಳ ಹೆಚ್ಚಾದರೆ ಸುಡುತ್ತದೆ. ಅದನ್ನು ಹೊಂದಿಸಲು ಬೋರ್ಡಿನ ಮೇಲೆ ಪ್ರೀಸೆಟ್ ಎಂಬ ಪುಟ್ಟ ತಿರುಪು ಇತ್ತು. ವೋಲ್ಟ್ ಅಳೆಯುವ ಮಲ್ಟಿಮೀಟರ್ ಹಚ್ಚಿಕೊಂಡು, ಉಸಿರು ಬಿಗಿಹಿಡಿದು, ಕೂದಲೆಳೆಯಷ್ಟೇ ತಿರುಗಿಸುತ್ತ ಮುನೀರಾ ಅದನ್ನು ಹದಿಮೂರಕ್ಕೆ ತಂದು ನಿಲ್ಲಿಸಿದಳು. ಅದನ್ನು ಅಂಗಡಿಯ ಕಂಪ್ಯೂಟರಿಗೆ ಜೋಡಿಸಿ, ಪರೀಕ್ಷೆಗೆಂದು ತಂದಿದ್ದ ಖಾಲಿ ಚಿಪ್ಪಿಗೆ ನಾಲ್ಕು ಸಾಲು ಬರೆದು ನೋಡಿದೆವು. ಕೆಂಪು ದೀಪ ಮಿಟುಕಿತು. ನಾವಿಬ್ಬರೂ ಕಿರುಚಿದ್ದಕ್ಕೆ ಕೆಳಗಿನ ಟೈಲರ್ ಏನಾಯಿತೋ ಎಂದು ಮೆಟ್ಟಿಲು ಹತ್ತಿ ಬಂದರು. ನಮ್ಮ ಕೈಯಿಂದ ಹುಟ್ಟಿದ ಸಾಧನ! ಆ ಸಂತೋಷ ಈಗಲೂ ನನ್ನ ಮೈಯಲ್ಲಿದೆ.

ಮಾರನೆಯ ದಿನ, ಬದುಕಿದ್ದ ಆ ಒಂದು ಚಿಪ್ಪನ್ನು ಚಾಚಾ ಹತ್ತಿಯಲ್ಲಿ ಸುತ್ತಿ ತಂದುಕೊಟ್ಟರು. “ಇರೋದು ಇದೊಂದೇ ಬೇಟಿ. ಹುಷಾರು.”

ಊಟದ ಹೊತ್ತಿಗೆ ಯೂನಿಟ್ಟಿನ ನೀರಿನ ಮೋಟಾರ್ ನಿಂತಿತೆಂದು ಕರೆ ಬಂತು. ಮುನೀರಾ ಮಲ್ಟಿಮೀಟರ್ ತೆಗೆದುಕೊಂಡು ಹೊರಟಳು. “ಬಂದ್ಮೇಲೆ ಒಟ್ಟಿಗೆ ಓದೋಣ ಕಣೆ,” ಎಂದು ಹೇಳಿಯೇ ಹೋದಳು.

ನಾನು ಕಾಯಲಿಲ್ಲ. ಅವಳು ಬರುವಷ್ಟರಲ್ಲಿ ಓದಿ ಮುಗಿಸಿ, ಪರದೆ ತೋರಿಸಿ, ಅವಳ ಮುಖ ನೋಡಬೇಕೆಂಬ ಆಸೆ — ಇಲ್ಲ, ಅಷ್ಟೇ ಅಲ್ಲ. ಎಲ್ಲವನ್ನೂ ಅವಳೇ ಮಾಡಿದ್ದಳು. ಒಂದನ್ನಾದರೂ ನಾನು ಮೊದಲು ಮಾಡಬೇಕಿತ್ತು. ಚಿಪ್ಪನ್ನು ಸಾಕೆಟ್ಟಿಗೆ ಒತ್ತಿದೆ. ಚಿಪ್ ಸಿಗುತ್ತಿಲ್ಲ ಎಂದಿತು ಕಂಪ್ಯೂಟರ್. ವೋಲ್ಟ್ ಸಾಲದೇನೋ ಎಂದುಕೊಂಡೆ. ಅಳೆಯಲು ಮೀಟರ್ ಇರಲಿಲ್ಲ. ಅಳೆಯದೆಯೇ ಪ್ರೀಸೆಟ್ ತಿರುಗಿಸಿದೆ. ಮತ್ತೆ ಇಲ್ಲ ಎಂದಿತು. ಇನ್ನಷ್ಟು ತಿರುಗಿಸಿದೆ. ಚಿಪ್ಪಿನ ಮೇಲೆ ಬೆರಳಿಟ್ಟರೆ ಸುಡುತ್ತಿತ್ತು.

ಕಿತ್ತು ನೋಡಿದೆ. ಒಂದು ಕಾಲು ಸಾಕೆಟ್ಟಿನೊಳಗೆ ಹೋಗದೆ ಮಡಚಿಕೊಂಡಿತ್ತು, ಅಷ್ಟೇ. ಇದ್ದದ್ದು ಅಷ್ಟೇ ತೊಂದರೆ.

ತಪ್ಪು ಅಲ್ಲಿಗೇ ನಿಂತಿದ್ದರೆ ಅದಕ್ಕೆ ಅವಸರ ಎಂದು ಹೆಸರಿಡಬಹುದಿತ್ತು. ನಾನು ಆ ಕಾಲನ್ನು ಇಕ್ಕಳದಿಂದ ನೆಟ್ಟಗೆ ಮಾಡಿದೆ. ಪ್ರೀಸೆಟ್ಟಿಗೆ ಅವಳು ಪೆನ್ನಿನಿಂದ ಹಾಕಿದ್ದ ಗುರುತಿಗೆ ಸರಿಯಾಗಿ ಅದನ್ನು ಹಿಂದಕ್ಕೆ ತಿರುಗಿಸಿಟ್ಟೆ. ಚಿಪ್ಪನ್ನು ಹತ್ತಿಯಲ್ಲಿ ಸುತ್ತಿಟ್ಟೆ. ಆಮೇಲೆ ಡಬ್ಬಿ ತೆರೆದು ಊಟಕ್ಕೆ ಕುಳಿತೆ.

ಅವಳು ಬಂದು, ಕೈ ತೊಳೆದು, ಬಿಸ್ಮಿಲ್ಲಾ ಎಂದು ಚಿಪ್ಪನ್ನು ಸಾಕೆಟ್ಟಿಗೆ ಕೂರಿಸಿದಳು. ಒಂದಕ್ಷರವೂ ಬರಲಿಲ್ಲ. ವೋಲ್ಟ್ ಅಳೆದಳು — ಹದಿಮೂರು. ಎರಡನೆಯ ಸಲ, ಮೂರನೆಯ ಸಲ ಅಳೆದಳು.

“ಸವಿ, ನಾನಿಲ್ದಾಗ ಏನಾದ್ರೂ ಮುಟ್ಟಿದ್ಯಾ?”

“ಇಲ್ಲ ಕಣೆ.”

ಎರಡೇ ಮಾತು. ಅವಳು ಮತ್ತೆ ಕೇಳಲೇ ಇಲ್ಲ — ನನ್ನ ಮಾತನ್ನು ಎಂದೂ ಅನುಮಾನಿಸಿದವಳಲ್ಲ. ಬೋರ್ಡನ್ನು ತಿರುಗಿಸಿ ತಿರುಗಿಸಿ ನೋಡಿದಳು. ಕೊನೆಗೆ, ಸ್ವಿಚ್ ಹಾಕಿದ ಕ್ಷಣ ವೋಲ್ಟ್ ಒಮ್ಮೆ ಮೇಲೆ ಜಿಗಿಯುತ್ತಿರಬೇಕು, ಅದು ತನ್ನ ಸರ್ಕ್ಯೂಟಿನದೇ ದೋಷ ಎಂದು ತೀರ್ಮಾನಿಸಿದಳು. ಅಂಥ ಕ್ಷಣದ ಜಿಗಿತವನ್ನು ಮಲ್ಟಿಮೀಟರ್ ಹಿಡಿಯುವುದಿಲ್ಲ. ಹಾಗಾಗಿ ಅದು ಸುಳ್ಳೆಂದು ತಿಳಿಯುವ ದಾರಿಯೂ ಅವಳಿಗಿರಲಿಲ್ಲ. ವೋಲ್ಟ್ ಏರದಂತೆ ತಡೆಯಲು ಒಂದು ಝೀನರ್ ಡಯೋಡ್ ಸೇರಿಸಿದಳು. ಇರದ ರೋಗಕ್ಕೆ ಮದ್ದು.

ಚಾಚಾರ ಮುಂದೆ ನಿಂತು, “ನಾನು ಸುಟ್ಟೆ,” ಎಂದಳು. ನಾನು ಪಕ್ಕದಲ್ಲಿ ನಿಂತಿದ್ದೆ. ಚಾಚಾ ಬಯ್ಯಲಿಲ್ಲ. ಹೋಗಿ ನಾಲ್ಕನೆಯ ಪೆಟ್ಟಿಗೆಯ ಮುಚ್ಚಳವನ್ನೂ ಮುಚ್ಚಿದರು.

ಆದರೆ ಮುನೀರಾ ಕುಸಿದು ಕೂರುವವಳಲ್ಲ. “ಪ್ರೋಗ್ರಾಮ್ ಹೋದ್ರೆ ಹೋಯ್ತು. ಗೂಡು ಬೇಯ್ಸೋದು ಖಾಲಾಗೆ ಗೊತ್ತಲ್ಲ,” ಎಂದಳು. ಮಹಬೂಬಿ ಖಾಲಾ ಎಂದರೆ ಆ ಯೂನಿಟ್ಟಿನ ಅತ್ಯಂತ ಹಳೆಯ ಕೆಲಸಗಾರ್ತಿ. ಪೆಟ್ಟಿಗೆಗಳು ಬರುವ ಮುಂಚೆ ಹಬೆ ನೋಡಿಯೇ ಹದ ಹೇಳುತ್ತಿದ್ದಾಕೆ. ಒಂದೂವರೆ ತಿಂಗಳು ಮುನೀರಾ ಒಂದು ಕೈಯಲ್ಲಿ ಥರ್ಮಾಮೀಟರ್, ಇನ್ನೊಂದರಲ್ಲಿ ಗಡಿಯಾರ ಹಿಡಿದು ತೊಟ್ಟಿಯ ಪಕ್ಕ ಕುಳಿತಳು. ಖಾಲಾ ಗೂಡನ್ನು ಹಿಸುಕಿ “ಅಬ್ ಬಸ್”, ಇನ್ನು ಸಾಕು, ಎಂದಾಗಲೆಲ್ಲ ಬರೆದುಕೊಂಡಳು. ಬಿಳಿ ಗೂಡಿಗೆ ಒಂದು ಹದ, ಹಳದಿ ಗೂಡಿಗೆ ಇನ್ನೊಂದು. ಮಳೆ ಹಿಡಿದ ದಿನ ಬೇರೆಯೇ. ಆ ಹಳೆಯ ಪ್ರೋಗ್ರಾಮಿಗೆ ಇದಾವುದೂ ಗೊತ್ತಿರಲಿಲ್ಲ!

ಅವಳು ಹೊಸ ಪ್ರೋಗ್ರಾಮ್ ಬರೆದಳು. ನಾನೂ ಕೆಲಸ ಮಾಡಿದೆ, ಜ್ವರ ಬಂದವಳ ಹಾಗೆ. ಮೊದಲ ಹೊಸ ಚಿಪ್ಪಿನ ಗಡಿಯಾರ ಹಿಂದೆ ಬಿತ್ತು. ಚಿಪ್ಪಿನ ಮೆಮೊರಿಯ ಕೊನೆಯಲ್ಲಿ ಕಾರ್ಖಾನೆಯವರು ಬರೆದಿಟ್ಟಿರುವ, ಗಡಿಯಾರ ಹೊಂದಿಸುವ ಒಂದು ಸಂಖ್ಯೆಯನ್ನು ನಮ್ಮ ಪ್ರೋಗ್ರಾಮರ್ ಅಳಿಸಿಹಾಕುತ್ತಿತ್ತು. ಇಬ್ಬರೂ ಕೈಗಡಿಯಾರ ಮುಂದಿಟ್ಟುಕೊಂಡು, ಒಂದೊಂದೇ ಸಂಖ್ಯೆ ಹಾಕಿ ತಾಳೆ ನೋಡುತ್ತ, ನಾಲ್ಕು ಚಿಪ್ಪುಗಳನ್ನೂ ಸೆಕೆಂಡಿಗೆ ಸೆಕೆಂಡು ಹೊಂದಿಸಿದೆವು.

ಯೂನಿಟ್ ಮತ್ತೆ ಶುರುವಾದ ಬೆಳಗ್ಗೆ ಹದಿನಾಲ್ಕು ಹೆಂಗಸರೂ ತೊಟ್ಟಿಗಳ ಸುತ್ತ ನಿಂತಿದ್ದರು. ಹಬೆ ಎದ್ದಿತು, ಇಳಿಯಿತು. ಬಜರ್ ಕೂಗಿತು. ಖಾಲಾ ಒಂದು ಗೂಡಿನ ಎಳೆ ಹಿಡಿದು ರಾಟೆಗೆ ಕೊಟ್ಟರು. ಎಳೆ ಹೋಯಿತು, ಹೋಯಿತು, ಹೋಗುತ್ತಲೇ ಇತ್ತು — ಒಳಗಿನ ಹುಳು ಕಾಣುವವರೆಗೂ ತುಂಡಾಗಲಿಲ್ಲ. ಖಾಲಾ ಒದ್ದೆ ಕೈಯಲ್ಲೇ ಮುನೀರಾಳ ಎರಡೂ ಕೆನ್ನೆ ಹಿಡಿದರು. ಚಾಚಾ ಕಣ್ಣೊರೆಸಿಕೊಂಡು ನಕ್ಕರು. “ಸುಟ್ಟೋಳೂ ಇವಳೇ, ಕಟ್ಟೋಳೂ ಇವಳೇ!”

ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಅಂದು ಬಾಯಿ ಬಿಡಬಹುದಿತ್ತು. ಗೆದ್ದ ದಿನ ಎಲ್ಲವೂ ಮಾಫಿ ಆಗುತ್ತಿತ್ತು. ಆದರೂ —

ಅಲ್ಲಿಂದ ನಮ್ಮ ಅಂಗಡಿ ಏರುತ್ತಲೇ ಹೋಯಿತು. ರಾಮನಗರದ ಬೇರೆ ಯೂನಿಟ್ಟುಗಳು ಬಂದವು, ಚನ್ನಪಟ್ಟಣದ ಗೊಂಬೆ ಮಾಡುವವರು ಲೇತಿನ ಮೋಟಾರಿಗೆ ಪೆಟ್ಟಿಗೆ ಮಾಡಿಸಿಕೊಂಡರು. ಎರಡು ವರ್ಷದಿಂದ ಮುನೀರಾ ಚನ್ನಪಟ್ಟಣದಲ್ಲಿ ಹೆಂಗಸರಿಗೆ ಎಲೆಕ್ಟ್ರಾನಿಕ್ಸ್ ಕಲಿಸುತ್ತಾಳೆ. ಮೊದಲ ಪಾಠ, ತಮ್ಮ ಕೈಯಾರೆ ಪ್ರೋಗ್ರಾಮರ್ ಕಟ್ಟುವುದು. ಪ್ರತಿ ತಂಡಕ್ಕೂ ಅವಳು ತಾನು ಚಿಪ್ ಸುಟ್ಟ ಕತೆ ಹೇಳುತ್ತಾಳೆ. “ನನ್ನ ಸರ್ಕ್ಯೂಟಲ್ಲಿ ದೋಷ ಇತ್ತು. ಅದಕ್ಕೇ ಈ ಝೀನರ್. ಇದನ್ನ ಮರೀಬೇಡಿ.”

ಈ ಸಲದ ತಂಡದಲ್ಲಿ ಗಿರಿಜಮ್ಮ ಇದ್ದರು. ಬಿಡದಿಯ ಕಾರ್ಖಾನೆಯೊಂದರಲ್ಲಿ ವೈರ್ ಜೋಡಿಸುವ ಕೆಲಸ ಮಾಡಿ ಬಿಟ್ಟು ಬಂದ, ನಲವತ್ತು ದಾಟಿದ ಹೆಂಗಸು. ಏನನ್ನೂ ಸುಮ್ಮನೆ ಒಪ್ಪುವವರಲ್ಲ. ಅಂದು ನಾನೂ ಹೊಸ ಬಿಡಿಭಾಗ ಕೊಡಲೆಂದು ತರಗತಿಗೆ ಹೋಗಿದ್ದೆ. ಗಿರಿಜಮ್ಮ ಝೀನರ್ ಹಾಕದೆಯೇ ತಮ್ಮ ಬೋರ್ಡನ್ನು ಆಸಿಲೋಸ್ಕೋಪಿಗೆ ಹಚ್ಚಿದ್ದರು. ಕ್ಷಣದ ಜಿಗಿತವನ್ನೂ ಗೆರೆಯಾಗಿ ತೋರಿಸುವ ಯಂತ್ರ ಅದು. ಹೋದ ವರ್ಷವಷ್ಟೇ ತರಿಸಿದ್ದೆವು.

“ಒಸಿ ಬಂದ್ ನೋಡಿ ಮೇಡಂ. ಎಂಟು ಸಲ ಸ್ವಿಚ್ ಹಾಕ್ದೆ, ಎಲ್ಲೂ ಜಿಗೀತಿಲ್ಲ. ಹದಿಮೂರಲ್ಲೇ ಐತೆ. ಈ ಝೀನರ್ ಯಾಕ್ ಬೇಕು?”

ಮುನೀರಾ ಬಂದು ನೋಡಿದಳು. ತನ್ನ ಹಳೆಯ ಬೋರ್ಡಿನ ಝೀನರನ್ನೂ ಕಿತ್ತು ನೋಡಿದಳು. ಗೆರೆ ನೆಟ್ಟಗಿತ್ತು. “ಹಂಗಾದ್ರೆ ಅವತ್ತು ಚಿಪ್ ಸುಟ್ಟಿದ್ ಹೆಂಗೆ?” ಎಂದಳು, ಯಾರಿಗೂ ಅಲ್ಲ, ತನಗೇ.

ಇಪ್ಪತ್ತು ಹೆಂಗಸರು ಅವಳನ್ನೇ ನೋಡುತ್ತಿದ್ದರು. ತಂದಿದ್ದ ಬಿಡಿಭಾಗಗಳನ್ನು ಮೇಜಿನ ಮೇಲಿಟ್ಟು ನಾನು ಹೇಳಿದೆ: “ನಾನು ಸುಟ್ಟಿದ್ದು, ಮುನೀರಾ. ನೀನಿಲ್ದಾಗ ಪ್ರೀಸೆಟ್ ತಿರುಗಿಸ್ದೆ. ನೀನು ಬರೋವಷ್ಟರಲ್ಲಿ ವಾಪಸ್ ಇಟ್ಟೆ.”

ಬಯ್ಗುಳಕ್ಕೆ ಕಾಯುತ್ತಿದ್ದೆ. ಬಂದದ್ದು ಬೇರೆ.

“ನನ್ ಸರ್ಕ್ಯೂಟು ಸರಿ ಇತ್ತಾ?”

“ಸರಿ ಇತ್ತು.”

“ಮೊದಲ್ನೇ ದಿನದಿಂದ?”

“ಮೊದಲ್ನೇ ದಿನದಿಂದ.”

ಅವಳ ಮುಖ ಅರಳಿದ್ದನ್ನು ಹೇಗೆ ಬರೆಯಲಿ. ಮೇಜಿನ ಮೇಲೆ ಸಾಲಾಗಿದ್ದ ಬೋರ್ಡುಗಳ ಝೀನರುಗಳನ್ನು ಕಟ್ಟರ್ ಹಿಡಿದು ಒಂದೊಂದಾಗಿ ಕತ್ತರಿಸಿದಳು. ಹೊಸ ಚಿಪ್ ಹಾಕಿ ಬರೆದಳು. ಒಂದೂ ಸುಡಲಿಲ್ಲ. ಗಿರಿಜಮ್ಮ ಶಿಳ್ಳೆ ಹೊಡೆದರು. ತರಗತಿಗೆ ತರಗತಿಯೇ ಎದ್ದು ನಿಂತಿತು. ಇಪ್ಪತ್ತೆರಡನೆಯ ವಯಸ್ಸಿನಲ್ಲಿ, ಕಿತ್ತ ಟಿವಿಯ ಭಾಗಗಳಿಂದ ಅವಳು ಒಂದೂ ತಪ್ಪಿಲ್ಲದ ಸಾಧನ ಕಟ್ಟಿದ್ದಳು. ಆ ಹೆಮ್ಮೆ ಅಂದೇ ಅವಳದಾಗಬೇಕಿತ್ತು. ಹನ್ನೊಂದು ವರ್ಷ ಅದನ್ನು ನಾನು ಬಚ್ಚಿಟ್ಟಿದ್ದೆ.

ಎಲ್ಲರೂ ಹೋದ ಮೇಲೆ ಅವಳು ನನ್ನತ್ತ ತಿರುಗಿದಳು. “ನಂಗೆ ತುಂಬ ಖುಷಿ ಆಗಿದೆ ಸವಿ. ಕೋಪಾನೂ ಇದೆ. ಹೋಗ್ಲಿ ಬಿಡು ಅಂತ ನಾನು ಅನ್ನಲ್ಲ.” ಕಟ್ಟರನ್ನು ಮೇಜಿನ ಮೇಲಿಟ್ಟು ಮುಂದುವರಿಸಿದಳು, “ಚಾಚಾಗೆ ನೀನೇ ಹೇಳು. ಖಾಲಾಗೂ. ಎಲ್ಲಾರ ಮುಂದೆ.”

ಮಾರನೆಯ ಬೆಳಗ್ಗೆ ಹೋದೆ. ಯೂನಿಟ್ಟಿನಲ್ಲಿ ಈಗ ಎಂಟು ಪೆಟ್ಟಿಗೆಗಳಿವೆ, ಎಂಟರಲ್ಲೂ ಅವಳ ಪ್ರೋಗ್ರಾಮ್. ರಾಟೆಗಳೆಲ್ಲ ತಿರುಗುತ್ತಿದ್ದವು. ಖಾಲಾ ತೊಟ್ಟಿಯ ಮುಂದಿದ್ದರು. ಚಾಚಾಗೆ ಕಿವಿ ಸ್ವಲ್ಪ ಮಂದವಾಗಿದೆ. ಅವರ ಮುಂದೆ ನಿಂತು ಹೇಳಿದೆ. ಅವರು ಕೈಯನ್ನು ಕಿವಿಗೆ ಆನಿಸಿಕೊಂಡು ಬಾಗಿದರು.

“ಮಿಷನ್ ಸದ್ದು ಬೇಟಿ. ಜೋರಾಗಿ ಹೇಳು.”

ಕೆಲಸದ ಹೆಂಗಸರು ತಲೆಯೆತ್ತಿ ನನ್ನತ್ತ ನೋಡಿದರು. ಮಷಿನ್ ನಿಲ್ಲಿಸಿ ಎನ್ನುವ ಹಕ್ಕು ನನಗಿರಲಿಲ್ಲ. ಎಲ್ಲರಿಗೂ ಕೇಳುವಂತೆ, ಇನ್ನೊಮ್ಮೆ, ಜೋರಾಗಿ ಹೇಳಿದೆ.