ಮಲಗಿಕೊಂಡ ಮಗ್ಗ

ಬಂಡಳ್ಳಿ ಕಡೆಯ ಪ್ರಾಥಮಿಕ ಶಾಲೆಯಲ್ಲಿ ನನ್ನ ಜೊತೆ ಒಬ್ಬರು ಮೇಡಂ ಇದ್ದರು. ಕೊಳ್ಳೇಗಾಲದ ನೇಕಾರರ ಮನೆಯವರು. ಯಾವ ಕೆಲಸ ಬಾರದಿದ್ದರೂ ಸೆರಗು ಸೊಂಟಕ್ಕೆ ಸಿಕ್ಕಿಸಿ, "ಅದೇನ್ ಮಹಾ, ಕಲ್ತ್‌ಬುಡ್ತೀನಿ" ಅನ್ನುತ್ತಿದ್ದರು.

ಶಾಲೆಗೆ ಬಂದ ಸ್ಮಾರ್ಟ್ ಟಿವಿಗೆ ನಾವೆಲ್ಲ ಬೆಡ್‌ಶೀಟ್ ಹೊದಿಸಿ ಕೈಮುಗಿದಿದ್ದೆವು. ಬಳಸದಿದ್ದರೆ ಬೇರೆ ಶಾಲೆಗೆ ಕೊಟ್ಟುಬಿಡುತ್ತೇವೆ ಎಂದು ತಪಾಸಣೆಗೆ ಬಂದ ಶಿಕ್ಷಣ ಇಲಾಖೆಯ ಸಾಹೇಬರು ಹೇಳಿಹೋದರು. ಮೇಡಂ ತರಬೇತಿಗೆ ಹೋಗಿಬಂದರು. ಬಸ್ಸಿನಲ್ಲಿ ಕೂತಾಗಲೂ ಫೋನಿನಲ್ಲಿ ಅಭ್ಯಾಸ ಮಾಡಿದರು. ಗಣಿತದ ವಿನ್ಯಾಸಗಳ ಪಾಠಕ್ಕೆ, ತಮ್ಮ ಮನೆಯ ಮಗ್ಗದಲ್ಲಿ ಸೀರೆಯಂಚು ನೇಯುವುದನ್ನೇ ವಿಡಿಯೊ ಮಾಡಿದರು.

ಸಾಹೇಬರು ಮತ್ತೆ ಬಂದ ದಿನ ಅದನ್ನು ಟಿವಿಗೆ ಹಾಕಿದರು. ಫೋನು ಹೇಗೆ ಹಿಡಿದಿದ್ದರೋ ಏನೋ, ಚಿತ್ರವೆಲ್ಲ ಅಡ್ಡಡ್ಡ.

"ಮಿಸ್, ಮಗ್ಗ ಮಲಿಕಬುಟ್ಟದೆ!" ಎಂದಳು ಒಬ್ಬಳು ಹುಡುಗಿ. ಕ್ಲಾಸೆಲ್ಲ ಗೊಳ್ಳೆಂದಿತು. ನಾನು ಟಿವಿ ಆರಿಸಲು ಎದ್ದೆ.

"ಕೂತ್ಕಳಿ ಮೇಷ್ಟ್ರೇ," ಎಂದ ಮೇಡಂ ಮಕ್ಕಳ ಕಡೆ ತಿರುಗಿದರು. "ಕತ್ತು ವಾಲಿಸ್ಕಂಡು ನೋಡ್ರಲಾ! ಅಂಚ್ನಲ್ಲಿ ಮಾವಿನಕಾಯಿ ಆದ್ಮೇಲೆ ಏನ್ ಬತ್ತದೆ?"

"ಚುಕ್ಕಿ, ಮಿಸ್!"

ಎಲ್ಲರ ಕತ್ತೂ ವಾಲಿತ್ತು. ಸಾಹೇಬರದ್ದೂ.

ಪಾಠ ಮುಗಿದ ಮೇಲೂ ಮೇಡಂ ಟಿವಿ ಮುಂದಿನಿಂದ ಕದಲಲಿಲ್ಲ. "ಇದ್ನ ಇಲ್ಲೇ ಬುಟ್ಟೋಗಿ ಸಾ. ಚಿತ್ರ ನೆಟ್ಟಗೆ ನಿಲ್ಸೋದ್ನ ನಾಳೆಗೇ ಕಲ್ತ್‌ಬುಡ್ತೀನಿ."

ಸಾಹೇಬರು ಕತ್ತು ನೀವಿಕೊಳ್ಳುತ್ತಾ, "ಇಟ್ಕಳಿ ಮೇಡಂ" ಎಂದರು.