ಸಣ್ಣಮ್ಮನನ್ನು ಹಾಸನಕ್ಕೆ ಕಳಿಸಿದ್ದು

ರಂಗಸ್ವಾಮಿ, ನಿಮ್ಮವ್ವನನ್ನು ಅವತ್ತು ಹಾಸನದ ಆಸ್ಪತ್ರೆಗೆ ಕಳಿಸಿದ್ದು ಆಕೆಯನ್ನು ಉಳಿಸಲಿಕ್ಕಲ್ಲ. ನನ್ನ ಬಾಡಿಗೆ ಮನೆಯನ್ನು ಉಳಿಸಿಕೊಳ್ಳಲಿಕ್ಕೆ. ಯಾವ ಮಾತಿಗಾಗಿ ನೀನು ಇಷ್ಟು ವರ್ಷ ನನ್ನ ಕಾಲು ಮುಟ್ಟುತ್ತ ಬಂದೆಯೋ ಆ ಮಾತು ಸುಳ್ಳು. ಸುಳ್ಳೆಂದು ಗೊತ್ತಿದ್ದೇ ಆಡಿದೆ.

ಇದನ್ನು ಮೊದಲಿಗೇ ಹೇಳಿಬಿಡಬೇಕು. ಸುತ್ತಿ ಬಳಸಿ ಹೇಳಹೊರಟರೆ ನಾನು ಎಲ್ಲೋ ಜಾರಿಕೊಳ್ಳುತ್ತೇನೆ — ಹೈಸ್ಕೂಲಿನಲ್ಲಿ ಪಾಠ ಹೇಳಿ ಹೇಳಿ ಪಳಗಿದ ಬಾಯಿ ಇದು, ಜಾರುವುದು ಚೆನ್ನಾಗಿ ಬಲ್ಲದು.

ಆ ಮನೆ ನಾನು ಕಟ್ಟಿಸಿದ ಮೊದಲ ಮನೆ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅನ್ನುತ್ತಾರಲ್ಲ, ಇಬ್ಬರು ಹೆಣ್ಣುಮಕ್ಕಳ ಮದುವೆ ಮಾಡಿ ಮುಗಿಸಿದ್ದೆ, ಉಳಿದದ್ದು ಇದೊಂದು. ಹೊಳೆನರಸೀಪುರದಲ್ಲಿ ನಮ್ಮ ಅಜ್ಜನ ಕಾಲದ ಮನೆಯ ಹಿಂದೆ ಒಂದು ನುಗ್ಗೆಮರ, ಒಂದಿಷ್ಟು ಕಳೆ ಬಿಟ್ಟರೆ ಏನೂ ಇಲ್ಲದ ಹಿತ್ತಲಿತ್ತು. ಸ್ಟಾಫ್ ರೂಮಿನಲ್ಲಿ ಹಿಂದಿ ಮೇಷ್ಟ್ರು ದಿನಾ ಕಿವಿ ಕಚ್ಚುತ್ತಿದ್ದರು — "ಪೆನ್ಷನ್ ನಂಬ್ಕೊಂಡು ಕೂರ್ಬೇಡಿ, ಹಿತ್ತಲಲ್ಲಿ ಎರಡು ಮನೆ ಎಬ್ಬಿಸಿ, ಬಾಡಿಗೆ ತಾನಾಗೇ ಬರುತ್ತೆ." ತೊಂಬತ್ತರ ದಶಕದ ನಡುವಿನ ಕಾಲ, ನಮ್ಮೂರಿನಲ್ಲೂ ಹಳ್ಳಿಗಳಿಂದ ಜನ ಬಂದು ಬಾಡಿಗೆಗೆ ಮನೆ ಹುಡುಕುತ್ತಿದ್ದರು. ಸಾಲ ಎತ್ತಿದೆ, ಪಾಯ ತೆಗೆಸಿದೆ. ಅಕ್ಕಪಕ್ಕ ಎರಡು ಪುಟ್ಟ ಮನೆ, ಮುಂದೆ ಇಬ್ಬರಿಗೂ ಸೇರಿ ಒಂದೇ ಜಗಲಿ, ಒಂದು ನಲ್ಲಿ, ಒಂದು ಬಟ್ಟೆ ಒಗೆಯುವ ಕಲ್ಲು. ಮೊದಲನೆಯದು ಮುಗಿಯುವಷ್ಟರಲ್ಲಿ ನನ್ನ ಕೈ ಬರಿದಾಯಿತು. ಎರಡನೆಯದು ಗೋಡೆ ಎದ್ದು ನಿಂತು, ಗಾರೆಗೆ ಕಾಯುತ್ತಿತ್ತು.

ಮುಗಿದ ಮನೆಗೆ "ಮನೆ ಬಾಡಿಗೆಗೆ ಇದೆ" ಎಂದು ನಾನೇ ದುಂಡಗೆ ಬರೆದು ತೂಗುಹಾಕಿದೆ. ಬಂದವರನ್ನು ಬಾಗಿಲಲ್ಲೇ ನಿಲ್ಲಿಸಿ ಪ್ರಶ್ನೆ ಕೇಳುತ್ತಿದ್ದೆ — ಯಾವ ಕಡೆಯವರು, ಎಷ್ಟು ಜನ, ಮಾಂಸ ಮಾಡುತ್ತೀರಾ, ಗೋಡೆಗೆ ಮೊಳೆ ಹೊಡೆಯುತ್ತೀರಾ. ಈಗ ನೆನೆದರೆ ನಗು ಬರುತ್ತದೆ. ಇಡೀ ಊರಿನಲ್ಲಿ ನಾನೊಬ್ಬನೇ ಮನೆ ಕಟ್ಟಿದವನ ಹಾಗೆ ಆಡುತ್ತಿದ್ದೆ.

ನೀನು ಬಂದೆ. ಸುಟ್ಟ ಪಂಪ್‌ಸೆಟ್ಟುಗಳ ಮೋಟಾರಿಗೆ ವೈಂಡಿಂಗ್ ಮಾಡುವ ಅಂಗಡಿಯನ್ನು ಆಗಷ್ಟೇ ತೆರೆದಿದ್ದೆ. ಉಗುರಿನ ಸಂದಿಯಲ್ಲೆಲ್ಲ ಕಪ್ಪು ಗ್ರೀಸು. ನನ್ನ ಪ್ರಶ್ನೆಗಳಿಗೆ ನೀನು ತಡವರಿಸುತ್ತಿದ್ದಾಗ ಹಿಂದಿನಿಂದ ನಿಮ್ಮವ್ವ ಸಣ್ಣಮ್ಮ ಮುಂದೆ ಬಂದಳು. "ಅಳ್ಳಿಮೈಸೂರು ಕಡೆ ಗೌಡ್ರು ಕಣ್ ಸಾಮಿ. ಬಾಡು ತಿನ್ನಂಗಾದ್ರೆ ನಮ್ಮೂರ್ಗೋಗಿ ತಿಂದ್ಬತ್ತೀವಿ. ಮೊಳೆ ಒಡೆಯಾಕಿಲ್ಲ. ಇನ್ನೇನೈತೆ ಏಳಿ."

ಇನ್ನೇನೂ ಇರಲಿಲ್ಲ. ಒಳಗಿಂದ ನನ್ನ ಹೆಂಡತಿ ಲಲಿತ ನಕ್ಕಿದ್ದು ಕೇಳಿಸಿತು. ಕೀಲಿ ಕೊಟ್ಟೆ.

ನಿನಗೆ ನೆನಪಿದೆಯೋ ಇಲ್ಲವೋ — ಗಾರೆ ಕಾಣದೆ ನಿಂತಿದ್ದ ಆ ಪಕ್ಕದ ಮನೆಯ ಗೋಡೆಗಳಿಗೆ ನೀರು ಹಾಕಿದ್ದು ನಿಮ್ಮವ್ವ. ನಾನು ಕೇಳಿರಲಿಲ್ಲ. ಹೊಸ ಗೋಡೆಗೆ ನೀರು ಬೀಳದಿದ್ದರೆ ಬಿರುಕು ಬಿಡುತ್ತದೆ, ಮೇಸ್ತ್ರಿ ಹೇಳಿ ಹೋಗಿದ್ದ. ನನಗೆ ಸ್ಕೂಲು, ಲಲಿತಳಿಗೆ ಮಂಡಿನೋವು. ಆಕೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಿಂದಿಗೆಯಿಂದ ಚೊಂಬಿನಲ್ಲಿ ಮೊಗೆದು ಮೊಗೆದು ಎರಚುತ್ತಿದ್ದಳು. ನಾನು ಸಂಕೋಚದಿಂದ ಬೇಡ ಅಂದರೆ, "ಕುಡೀಲಿ ಬುಡಿ ಸಾಮಿ, ಎಳೇ ಗ್ವಾಡೆ" ಅನ್ನುವಳು. ಎಳೆಮಗುವಿನ ಬಗ್ಗೆ ಹೇಳುವಂತೆ.

ಎಂಥ ದಿನಗಳಪ್ಪ ಅವು! ಅವರೆಕಾಯಿ ಕಾಲ ಬಂದರೆ ನಿಮ್ಮೂರಿನಿಂದ ಚೀಲ ಬಂದಿಳಿಯುತ್ತಿತ್ತು. ನಿಮ್ಮವ್ವ, ಲಲಿತ ಜಗಲಿಯ ಮೇಲೆ ಎದುರುಬದುರು ಕೂತು ಕಾಳು ಹಿತಕುತ್ತ ಯಾರ ಯಾರದೋ ಸೊಸೆಯರ ಸುದ್ದಿ ಹಿತಕುತ್ತಿದ್ದರು. ನಮ್ಮಿಬ್ಬರ ಮನೆಯಿಂದಲೂ ಅವರೆಯ ಸೊಗಡು ಎದ್ದು ಬೀದಿಗೆ ಹೋಗುತ್ತಿತ್ತು. ನಾನು ಸ್ಕೂಲಿನಿಂದ ಬಂದು ಸೈಕಲ್ ನಿಲ್ಲಿಸಿ ಆ ಜಗಲಿ ನೋಡುತ್ತಿದ್ದೆ. ನಾನು ಕಟ್ಟಿಸಿದ ಮನೆಯಲ್ಲಿ ಜನ ನಗುತ್ತ ಬಾಳುತ್ತಿದ್ದಾರೆ ಎಂದು ಎದೆ ತುಂಬುತ್ತಿತ್ತು. ಆ ಸುಖ ಮತ್ತೆ ಯಾವ ಮನೆ ಕಟ್ಟಿದಾಗಲೂ ನನಗೆ ಸಿಗಲಿಲ್ಲ.

ಆಮೇಲೆ ನಿಮ್ಮವ್ವ ಮಲಗಿದಳು. ಅನ್ನ ಬಿಟ್ಟಳು, ಮಾತು ಕಮ್ಮಿಯಾಯಿತು. "ನನ್ನ ಎಲ್ಲಿಗೂ ಒಯ್ಬ್ಯಾಡ್ರಪ್ಪ, ಈ ಜಗಲಿ ಕಾಣಂಗೆ ಮಲಗ್ಸಿ ಸಾಕು" ಎಂದು ಎಲ್ಲರಿಗೂ ಹೇಳುತ್ತಿದ್ದಳು. ಆ ದಿನ ನೀನು ಯಾರದೋ ಬಾವಿಗೆ ಮೋಟಾರ್ ಇಳಿಸಲು ಹೋಗಿದ್ದೆ. ಉಸಿರು ಏರುಪೇರಾಗಿದ್ದು ನೋಡಿ ಡಾಕ್ಟರನ್ನು ಕರೆತಂದವನು ನಾನೇ. ಅವರು ನೋಡಿ, ಹೊರಗೆ ಬಂದು, ಗೇಟಿನ ಬಳಿ ನಿಂತು ಹೇಳಿದರು — "ಎಲ್ಲಿಗೂ ಹೊತ್ಕೊಂಡು ಹೋಗ್ಬೇಡಿ ಮೇಷ್ಟ್ರೇ. ಒಂದೆರಡು ದಿನ ಅಷ್ಟೇ. ಮನೇಲೇ ನೆಮ್ಮದಿಯಾಗಿ ಹೋಗ್ಲಿ. ಮಗನಿಗೆ ನೀವೇ ಹೇಳ್ಬಿಡಿ."

ನಾನು ನಿನ್ನನ್ನು ಹುಡುಕಿಕೊಂಡು ಬರಲಿಲ್ಲ. ಒಳಗೆ ಹೋಗಿ ಪಂಚಾಂಗ ತೆಗೆದೆ.

ಮಾರನೆಯ ದಿನದಿಂದ ಧನಿಷ್ಠಾ ಪಂಚಕ. ನಮ್ಮಲ್ಲೂ ನಿಮ್ಮಲ್ಲೂ ಇರುವ ಮಾತೇ — ಆ ಐದು ನಕ್ಷತ್ರಗಳಲ್ಲಿ ಮನೆಯೊಳಗೆ ಸಾವಾದರೆ ಆ ಮನೆ ಬಿಡಬೇಕು, ಬಾಗಿಲಿಗೆ ಮುಳ್ಳು ಬಡಿದು ತಿಂಗಳುಗಟ್ಟಲೆ ಬೀಗ ಹಾಕಬೇಕು. ಸ್ವಂತ ಮನೆಯವರು ಹೇಗೋ ಶಾಂತಿ ಮಾಡಿಸಿಕೊಂಡು ತಿರುಗಿ ಬರುತ್ತಾರೆ. ಬಾಡಿಗೆ ಮನೆಗೆ ಮುಳ್ಳು ಬಿತ್ತೆಂದರೆ ಊರೆಲ್ಲ ಗೊತ್ತಾಗುತ್ತದೆ, ಆಮೇಲೆ ಯಾರು ಬರುತ್ತಾರೆ? ಪಕ್ಕದ ಮನೆಯ ಗಾರೆ ಇನ್ನೂ ಹಸಿ. ಸಾಲದ ಕಂತು ಹಾಗೇ ಇದೆ. ನನಗೆ ಆ ನಕ್ಷತ್ರದ ಮೇಲೆ ನಂಬಿಕೆಯಿತ್ತೋ, ನಂಬುವವರ ಮೇಲೆ ಭಯವಿತ್ತೋ — ಇವತ್ತಿಗೂ ಬಿಡಿಸಿ ಹೇಳಲಾರೆ. ಕಣ್ಣ ಮುಂದೆ ಬಂದದ್ದು ನಿಮ್ಮವ್ವನ ಮುಖವಲ್ಲ. ಬಾಗಿಲ ಮೇಲಿನ ಮುಳ್ಳು.

ಸುದ್ದಿ ತಿಳಿದು ನೀನು ಓಡಿ ಬಂದೆ. ನಾನು ಹೇಳಿದೆ: "ಇವತ್ತೇ ಹಾಸನಕ್ಕೆ ಕರ್ಕೊಂಡು ಹೋದ್ರೆ ಉಳೀತಾರಂತೆ. ಡಾಕ್ಟ್ರು ಹೇಳಿದ್ರು."

"ಅವ್ವ ಬ್ಯಾಡ ಅಂತದೆ ಸಾ…"

"ತಾಯಿ ಬೇಡ ಅಂದ್ರು ಅಂತ ಸುಮ್ನಿರ್ತೀಯೇನೋ?"

ನೀನು ಅವ್ವನ ಬಟ್ಟೆ ಗಂಟು ಕಟ್ಟಿದೆ. ವ್ಯಾನ್ ಹೇಳಿದ್ದೂ ನಾನೇ. ನಿಮ್ಮವ್ವನನ್ನು ಚಾಪೆ ಸಮೇತ ಎತ್ತಿ ಒಳಗೆ ಮಲಗಿಸುವಾಗ ಆಕೆ ಕಣ್ಣು ಬಿಟ್ಟು ನನ್ನ ಕೈ ಹಿಡಿದಳು. ನೀನು ದಿಂಬು ತರಲು ಮನೆಯೊಳಗೆ ಹೋಗಿದ್ದೆ, ಅದಕ್ಕೇ ನಿನಗೆ ಇದು ಗೊತ್ತಿಲ್ಲ. "ಸಾಮಿ, ನೀವಾರ ಏಳ್ರಿ ಅವನ್ಗೆ, ಬ್ಯಾಡ ಅಂತ" ಅಂದಳು.

ನಾನು ಕೈ ಬಿಡಿಸಿಕೊಂಡೆ.

ಹಾಸನ ಮುಟ್ಟುವ ಮೊದಲೇ, ದಾರಿಯಲ್ಲಿ, ವ್ಯಾನಿನ ಕುಲುಕಾಟದಲ್ಲಿ ಆಕೆ ಹೋದಳು. ನೀನು ಹಾಗೇ ನಿಮ್ಮೂರಿಗೆ ತಿರುಗಿಸಿಕೊಂಡು ಹೋಗಿ ಮಣ್ಣು ಮಾಡಿದೆ. ಸುದ್ದಿ ಬಂದಾಗ ನನಗೆ ಸಮಾಧಾನವಾಯಿತು. ಬೇರೆ ಪದ ಹುಡುಕುವುದಿಲ್ಲ — ಸಮಾಧಾನವೇ ಆಯಿತು. ಡಾಕ್ಟರ ಮಾತನ್ನು ಬಾಗಿಲ ಮರೆಯಲ್ಲಿ ಕೇಳಿಸಿಕೊಂಡಿದ್ದ ಲಲಿತ ಒಂದೇ ಮಾತು ಅಂದಳು: "ಹೇಳೋದು ಶಾಸ್ತ್ರ, ಇಕ್ಕೋದು ಗಾಳ." ಆಮೇಲೆ ಆ ವಿಷಯ ಎತ್ತಲಿಲ್ಲ. ಆ ಜಗಲಿಯ ಮೇಲೆ ಕೂತು ಅವರೆ ಹಿತಕಲೂ ಇಲ್ಲ.

ಕಾರ್ಯ ಮುಗಿಸಿ ಬಂದ ನೀನು ತಲೆ ಬೋಳಿಸಿಕೊಂಡು ನನ್ನ ಮುಂದೆ ನಿಂತು ಅತ್ತೆ. "ನೀವಿಲ್ದಿದ್ರೆ ನಾನು ಅವ್ವನ್ನ ಆಸ್ಪತ್ರೆಗೂ ತೋರಿಸ್ದೆ ಸಾಯ್ಸಿದ್ದೆ ಅಂತ ಜೀವಮಾನೆಲ್ಲ ಕೊರಗ್ತಿದ್ದೆ ಸಾ." ನಾನು ನಿನ್ನ ಬೆನ್ನು ತಡವಿದೆ. ಅಲ್ಲಿಂದ ಮುಂದೆ ನೀನು ಪ್ರತಿ ವರ್ಷ ಅವ್ವನ ಎಡೆಯ ಮಾರನೆಯ ದಿನ ಒಂದು ಬಾಳೆಗೊನೆ ತಂದು ಜಗಲಿಯಲ್ಲಿಟ್ಟೆ. ಚನ್ನರಾಯಪಟ್ಟಣಕ್ಕೆ ಹೋಗಿ ದೊಡ್ಡ ಅಂಗಡಿ ಮಾಡಿದ ಮೇಲೂ ತಪ್ಪಿಸಲಿಲ್ಲ. ಆ ಹಣ್ಣನ್ನು ನಾನು ಮುಟ್ಟುತ್ತಿರಲಿಲ್ಲ, ಮೊಮ್ಮಕ್ಕಳು ತಿಂದು ಮುಗಿಸುತ್ತಿದ್ದರು.

ಮನೆ ಮಾತ್ರ ಒಂದು ತಿಂಗಳೂ ಖಾಲಿ ಬೀಳಲಿಲ್ಲ. ನಿಮ್ಮವ್ವ ನೀರು ಕುಡಿಸಿದ ಗೋಡೆಯಲ್ಲಿ ಇವತ್ತಿಗೂ ಒಂದು ಬಿರುಕಿಲ್ಲ. ಮುಂದೆ ಹಾಸನದಲ್ಲಿ ಒಂದು, ಅರಕಲಗೂಡಿನಲ್ಲಿ ಒಂದು ಮನೆ ಕಟ್ಟಿಸಿ ಬಾಡಿಗೆಗೆ ಕೊಟ್ಟೆ. ಬಾಡಿಗೆ ಮನೆ ಮಾಡಬೇಕೆಂದರೆ ಮೇಷ್ಟ್ರನ್ನು ಕೇಳಿ ಅನ್ನುವಂತಾದರು ಜನ. ನೀನೂ ಕೇಳಿದೆ, ನಾನೂ ಹೇಳಿದೆ. ನಿನ್ನ ಅಂಗಡಿಯ ಮಹಡಿ ಮೇಲೆ ನೀನು ಬಾಡಿಗೆಗೆಂದು ಎರಡು ಮನೆ ಕಟ್ಟಿದೆ.

ನಿನ್ನೆ ನೀನು ಗೊನೆಯಿಲ್ಲದೆ, ಸುಮ್ಮನೆ ಬೈಕಿನಲ್ಲಿ ಬಂದೆ. ನಿನ್ನ ಬಾಡಿಗೆಯವರ ತಂದೆ, ಶ್ರವಣಬೆಳಗೊಳದ ಕಡೆಯ ವಯಸ್ಸಾದವರು, ಹಾಸಿಗೆ ಹಿಡಿದಿದ್ದಾರೆ ಅಂದೆ. "ಇನ್ನೇನಿಲ್ಲ ಅಂದವ್ರೆ ಡಾಕ್ಟ್ರು. ಮುದುಕಪ್ಪನೂ ಎಲ್ಲೂ ಬರಾಕಿಲ್ಲ ಅಂತ ಅಟ ಇಡ್ಕಂಡವ್ನೆ. ಆದ್ರೂ ನಾನೇ ವ್ಯಾನ್ ಏಳಿ ಹಾಸನಕ್ಕೆ ಕಳಿಸ್ತೀನಿ ಸಾ. ನಮ್ಮವ್ವಂಗೆ ನೀವು ಮಾಡ್ದಂಗೆ. ಓನರ್ ಅಂದ್ರೆ ಅಂಗಿರ್ಬೇಕು."

ನಾನು ಕಾಫಿ ಕುಡಿದು ಹೋಗು ಅಂದೆ. ಅಷ್ಟೇ ಅಂದೆ, ರಂಗಸ್ವಾಮಿ. ನೀನು ಬೈಕ್ ತಿರುಗಿಸಿಕೊಂಡು ಹೋಗುವುದನ್ನು ಕಿಟಕಿಯಿಂದ ನೋಡಿದೆ. ನನ್ನ ಸುಳ್ಳು ನಿನ್ನ ಧರ್ಮವಾಗಿದೆ. ನನ್ನ ಹಾಗೆ ದುರಾಸೆಯಿಂದಲ್ಲ, ಒಳ್ಳೆಯ ಮನಸ್ಸಿನಿಂದಲೇ ನೀನು ಇನ್ನೊಬ್ಬ ಮುದುಕನನ್ನು ದಾರಿಯಲ್ಲಿ ಸಾಯಲು ಕಳಿಸುತ್ತೀಯ.

ಇವತ್ತು ಬೆಳಗ್ಗೆ ನಿನಗೆ ಫೋನ್ ಮಾಡಿ, ನಾನು ಬರುವವರೆಗೆ ವ್ಯಾನ್ ಹೇಳಬೇಡ ಅಂದೆ. "ಯಾಕ್ ಸಾ?" ಅಂದೆ ನೀನು. ಬಂದು ಹೇಳುತ್ತೇನೆ ಅಂದೆ. ಈಗ ಬಸ್ಸಿಗೆ ಹೊರಡುವ ಮುಂಚೆ ಕೂತು ಈ ಮಾತುಗಳನ್ನು ಜೋಡಿಸಿಕೊಳ್ಳುತ್ತಿದ್ದೇನೆ, ನಿನ್ನೆದುರು ಬಾಯಿ ಕಟ್ಟಬಾರದೆಂದು. ಲಲಿತ ಒಗೆದ ಪಂಚೆ ತಂದಿಟ್ಟಳು. ಕ್ಷಮಿಸು ಎಂದು ಕೇಳಲು ನಾನು ಬರುತ್ತಿಲ್ಲ, ಕೇಳುವ ಮುಖವಿಲ್ಲ. ಇನ್ನು ನೀನು ನನ್ನ ಕಾಲು ಮುಟ್ಟಬೇಡ, ಗೊನೆ ತರಬೇಡ, ಬೈಯಬೇಕೆನಿಸಿದರೆ ಬೈದುಬಿಡು.

ಅವನಿಗೆ ನೀವಾದರೂ ಹೇಳಿ, ಬೇಡ ಅಂತ — ನಿಮ್ಮವ್ವ ಅಷ್ಟೇ ಕೇಳಿದ್ದು. ಅದನ್ನು ಹೇಳಲು ಬರುತ್ತಿದ್ದೇನೆ.