ಹಾಲಿ ವಸ್ತಿ ದಾಂಡೇಲಿ

ನಮ್ಮ ಕಡೆಯ ಆಮಂತ್ರಣ ಪತ್ರಿಕೆಗಳಲ್ಲಿ ಹೆಸರಿನ ಕೆಳಗೆ ಎರಡು ಊರುಗಳಿರುತ್ತವೆ, ನೀವೂ ನೋಡಿರಬೇಕು. ‘ಸಾಕಿನ್’ ಎಂದು ಮೂಲದ ಊರು, ‘ಹಾಲಿ ವಸ್ತಿ’ ಎಂದು ಸದ್ಯ ಇರುವ ಊರು. ವಸ್ತಿ ಎಂದರೆ ರಾತ್ರಿ ತಂಗುವುದು. ಮಳಗಿ ಎಂಬ ಊರಲ್ಲಿ ರಾತ್ರಿ ನಿಲ್ಲುವ ವಸ್ತಿ ಬಸ್ಸು ಬೆಳಗಾದರೆ ಹೊರಟುಬಿಡುತ್ತದೆ. ಧಾರವಾಡದ ಕಡೆಯ ಹಳ್ಳಿಯಿಂದ ಸೊಸೆಯಾಗಿ ದಾಂಡೇಲಿಗೆ ಬಂದು ನಲವತ್ತು ವರ್ಷ ದಾಟಿದರೂ ನಮ್ಮ ಬಸ್ಸು ಇನ್ನೂ ಹೊರಟಿಲ್ಲ.

ಕಲಿತದ್ದು ನಾಲ್ಕನೆಯ ಇಯತ್ತೆ. ಆದರೂ ಬೆಳೆಯುವ ಊರುಗಳಿಗೆ ಜನ ಬಳಸುವ ಶಬ್ದಗಳ ಮೂಲ ಕೆದಕುವ ಚಟ ನನಗೆ. ಯಜಮಾನರಿಗೆ ಪೇಪರ್ ಮಿಲ್ಲಿನ ಕೆಲಸ, ಮನೆ ಬಂಗೂರನಗರ ಎಂದಾಗ, ನಗರವೆಂದರೆ ಕೋಟೆ ಕೊತ್ತಲವೆಂದು ತಿಳಿದು ಇದ್ದ ಒಂದೇ ರೇಷ್ಮೆ ಸೀರೆಯುಟ್ಟು ಬಂದಿಳಿದೆ. ಎದುರುಗೊಂಡದ್ದು ಸಾಲು ಕ್ವಾರ್ಟರ್ಸು ಮತ್ತು ಒಂದು ಮಂಗ. ಮುಂಡಗೋಡದ ಟಿಬೆಟನ್ ಕಾಲೊನಿಯಲ್ಲಿ ಇಂದಿಗೂ ಕ್ಯಾಂಪಿನ ನಂಬರು ಹೇಳಿ ದಾರಿ ಕೇಳುತ್ತಾರೆ. ಕ್ಯಾಂಪ್ ಎಂದರೆ ಡೇರೆಯೆಂದು ಹುಡುಕಿದೆ. ಕಂಡದ್ದು ಭವ್ಯ ಮಠ, ಆಳೆತ್ತರದ ಗೋವಿನಜೋಳ. ಪತ್ರಿಕೆಯವರಂತೂ ಬೇಗ ಬೆಳೆದ ಊರು ‘ನಾಯಿಕೊಡೆಯಂತೆ ಎದ್ದಿತು’ ಎಂದು ಬರೆಯುತ್ತಾರೆ. ನಾಯಿಕೊಡೆಗೆ ಗಾರೆ ಕಲಸುವವರು ಬೇಕಾಗುವುದಿಲ್ಲವೆಂಬುದು ಅವರಿಗೆ ತಿಳಿಯದು.

ಇಂತಿರಲು ಮೊಮ್ಮಗಳು ಹುಟ್ಟಿದಳು. ಸೊಸೆಯ ತವರೂ ಪಕ್ಕದ ಓಣಿಯೇ. ಓಣಿಗೆಲ್ಲ ಎರಡು ಸಲ ಪೇಢೆ ಹಂಚಿದೆ. ಎರಡನೆಯದು ಮರೆವಿನಿಂದ ಹಂಚಿದ್ದೆಂದು ಮನೆಯವರು ತಿಳಿದಿದ್ದಾರೆ, ಇರಲಿ. ತೊಟ್ಟಿಲ ಕಾರ್ಯದ ಪತ್ರಿಕೆಗೆ ಒಕ್ಕಣೆ ಬರೆದು, ಮೊಮ್ಮಗಳ ಸಾಲಿನ ಕೆಳಗೆ ಕೈರೂಢಿಯಂತೆ ಎರಡೂ ಊರು ಸೇರಿಸಿ, ಪ್ರೆಸ್ಸಿನ ಬಾಬಾಜಾನನಿಗೆ ಕೊಟ್ಟೆ.

“ಅಜ್ಜಿಯಾರ, ಎಂಟ ದಿನದ ಕೂಸು ಎಲ್ಲಿಂದ ವಲಸಿ ಬಂತ್ರಿ? ಹಾಲಿ ವಸ್ತಿ ಅಂತ ಬರದೀರಲ್ಲ!”

“ನೀ ಏನ ಕಡಿಮಿ? ನಿನ್ನ ಮಗನ ಲಗ್ನದ ಕಾರ್ಡಿನ್ಯಾಗ ಸಾಕಿನ್ ಸವಣೂರ ಹಾಕಿದ್ದಿ.”

“ಮಗಂದು ಹಾಕೀನ್ರಿ. ಮಮ್ಮಗಂದು ಹಾಕೂದಿಲ್ಲ.”

ಅವನು ಅಜ್ಜಿ ಎಂದ ಖುಷಿಗೆ ಐವತ್ತು ಪತ್ರಿಕೆ ಹೆಚ್ಚಿಗೆ ಹೇಳಿದೆ. ಮೊಮ್ಮಗಳ ಕೆಳಗೆ ‘ಸಾಕಿನ್ ದಾಂಡೇಲಿ’ ಎಂದಷ್ಟೇ ಇರಲೆಂದೆ.

ಆದರೆ ಮನೆತನದ ತೊಟ್ಟಿಲು ಯಜಮಾನರ ಮೂಲದ ಹಳ್ಳಿಯಲ್ಲಿ, ಅವರ ಅಣ್ಣನ ಬಳಿ. ಅದರಲ್ಲಿ ಮಲಗದ ಕೂಸು ನಮ್ಮ ಮನೆಯಲ್ಲಿಲ್ಲ. ಪತ್ರಿಕೆಯಲ್ಲಿ ಹಳ್ಳಿಯ ಹೆಸರು ಬಿಟ್ಟ ಸುದ್ದಿ ತಿಳಿದು ಭಾವ ಫೋನು ಮಾಡಿದರು.

“ಏನವಾ, ಊರು ಮರತ್ರೇನು? ಹೆಸರು ಬಿಟ್ರ ತೊಟ್ಟಿಲಾ ಕಳಸೂದಿಲ್ಲ ನೋಡು.”

ಅಷ್ಟು ವರ್ಷ ಅವರಿಗೆ ಎದುರು ಮಾತಾಡದ ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡು ಹೇಳಿದೆ: “ಭಾವಾರ, ಕೂಸು ನಿಮ್ಮದ ಐತ್ರಿ. ಊರಷ್ಟ ಅದರದು.”

ಫೋನು ಕಟ್ಟಾಯಿತು. ಬೇಕಾದರೆ ಸೀರೆಯ ಜೋಳಿಗೆ ಕಟ್ಟೋಣವೆಂದು ಹಗ್ಗ ತೆಗೆದಿಟ್ಟೆ.

ಕಾರ್ಯದ ಮುಂಜಾನೆ ಭಾವ ಬಸ್ಸಿನ ಮೇಲಿಂದ ತೊಟ್ಟಿಲನ್ನು ತಾವೇ ನಿಂತು ಇಳಿಸಿಕೊಂಡರು. ಕನ್ನಡಕವೇರಿಸಿ ಪತ್ರಿಕೆಯನ್ನು ಎರಡು ಸಲ ಓದಿ, “ಅಕ್ಷರ ದಪ್ಪ ಅದಾವ” ಎಂದರು. ಸಂಜೆ ವಸ್ತಿ ಇರಲು ಒತ್ತಾಯಿಸಿದೆವು. ಇಂದಿಗೆ ನಾಲ್ಕು ದಿನ, ತೊಟ್ಟಿಲು ತೂಗುತ್ತಿದ್ದಾರೆ.

ನನಗೆ ಮಾತ್ರ ಎರಡೂ ಊರು ಇರಲಿ. ಇನ್ನು ಮುಂದೆ ನನ್ನ ಹೆಸರು ಯಾವ ಪತ್ರಿಕೆಯಲ್ಲಿ ಬಂದರೂ ‘ಹಾಲಿ ವಸ್ತಿ, ಮೊಮ್ಮಗಳ ಊರು’ ಎಂದೇ ಅಚ್ಚು ಹಾಕಲು ಬಾಬಾಜಾನನಿಗೆ ಹೇಳಿಟ್ಟಿದ್ದೇನೆ.